ಸಾಫ್ಟ್ ಮಾಡಿ ಸಾರ್, ಆದ್ರೆ ಅರಿಶಿನ ಅಳಿಸಬೇಡಿ

ಮದುವೆ ಆಲ್ಬಮ್ ಮಾಡಿಸಲು ಬರುವವರೆಲ್ಲ ಈಗ ಒಂದೇ ಮಾತು ಹೇಳುತ್ತಾರೆ. "ಫೋಟೋ ಸಾಫ್ಟ್ ಆಗಿರ್ಲಿ ಸಾರ್, ಇನ್‌ಸ್ಟಾಗ್ರಾಮ್‌ನಲ್ಲಿ ಬರುತ್ತಲ್ಲ, ಹಾಗೆ." ಜೊತೆಗೆ ನಾಲ್ಕಾರು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ತೆಗೆದು ನೋಡಿದರೆ ಬಿಳಿ ಗೌನು, ಹುಲ್ಲುಹಾಸು, ಮೋಡ ಕವಿದ ಆಕಾಶ. ಇವರ ಮದುವೆ ನಡೆದಿದ್ದು ಕಲ್ಯಾಣ ಮಂಟಪದಲ್ಲಿ. ಮೇಲೆ ಟ್ಯೂಬ್‌ಲೈಟು, ಹಿಂದೆ ನೇರಳೆ ಬಣ್ಣದ ಎಲ್‌ಇಡಿ, ಎದುರಿಗೆ ವಿಡಿಯೋದವರ ಲೈಟು. ನಡುವೆ ಹೋಮದ ಹೊಗೆ ಬೇರೆ.

ನಾನು ದಿನಾ ಎಡಿಟಿಂಗ್ ಮಾಡಿ ಬದುಕುವವನು. ಸಾಫ್ಟ್ ಲುಕ್ ಮೇಲೆ ನನಗೇನೂ ಸಿಟ್ಟಿಲ್ಲ. ಬೆಳಕನ್ನು ಎಷ್ಟು ಬೇಕಾದರೂ ಮೃದು ಮಾಡೋಣ. ಆದರೆ ಮದುವೆಯ ಬಣ್ಣವನ್ನೂ ಜನರ ಮುಖವನ್ನೂ ಯಾಕೆ ತೊಳೆದು ಹಾಕಬೇಕು?

ಮೃದು ಮಾಡುವ ಆಸೆ ಹೊಸದೇನಲ್ಲ. ಫಿಲ್ಮ್ ಕಾಲದಲ್ಲೇ ಫಿಲ್ಟರಿನ ಅಂಚಿಗೆ ವ್ಯಾಸಲೀನ್ ಸವರುತ್ತಿದ್ದರು, ಲೆನ್ಸಿಗೆ ತೆಳು ನೈಲಾನ್ ಬಟ್ಟೆ ಕಟ್ಟುತ್ತಿದ್ದರು. ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದುತ್ತಿದ್ದರು. 1980ರ ದಶಕದಲ್ಲಿ ಮೈಕೆಲ್ ಆರ್ಟನ್ ಎಂಬ ಕೆನಡಾದ ಫೋಟೋಗ್ರಾಫರ್ ಒಂದು ಚೆಂದದ ಉಪಾಯ ಕಂಡುಕೊಂಡರು. ಒಂದೇ ದೃಶ್ಯದ ಎರಡು ಸ್ಲೈಡ್ ತೆಗೆಯುವುದು. ಒಂದು ಶಾರ್ಪ್, ಇನ್ನೊಂದು ಫೋಕಸ್ ತಪ್ಪಿಸಿದ್ದು, ಎರಡಕ್ಕೂ ಬೆಳಕು ಜಾಸ್ತಿ ಕೊಟ್ಟದ್ದು. ಒಂದರ ಮೇಲೊಂದು ಇಟ್ಟರೆ ಗೆರೆಗಳೂ ಉಳಿಯುತ್ತವೆ, ಸುತ್ತ ಒಂದು ಹೊಳಪೂ ಬರುತ್ತದೆ. ಇವತ್ತು ಫೋಟೋಶಾಪ್‌ನಲ್ಲಿ ಅದೇ ಫೋಟೋವನ್ನು ಇನ್ನೊಂದು ಪದರವಾಗಿ (ಲೇಯರ್) ಕಾಪಿ ಮಾಡಿ, ಗಾಸಿಯನ್ ಬ್ಲರ್ ಕೊಟ್ಟು ಮಸುಕು ಮಾಡಿ, ಒಪಾಸಿಟಿ ಇಳಿಸಿ ಕೆಳಗಿನ ಫೋಟೋ ಕಾಣುವಷ್ಟು ತೆಳು ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಸಂಜೆ ಬಿಸಿಲು ಬೆನ್ನ ಹಿಂದಿರುವ ಜೋಡಿ ಫೋಟೋಗೆ ಶೇಕಡ 15-20ರಷ್ಟು ಒಪಾಸಿಟಿಯಲ್ಲಿ ಹಾಕಿ ನೋಡಿ, ಬಹಳ ಚೆನ್ನಾಗಿರುತ್ತದೆ. ಮುಹೂರ್ತದ ಫೋಟೋಗೆ ಹಾಕಿದರೆ ಜರಿ, ಮಲ್ಲಿಗೆ, ಅಕ್ಷತೆ ಎಲ್ಲ ಸೇರಿ ಒಂದೇ ಮಂಜು.

ಈಗಿನ ತಾಪತ್ರಯ ಪ್ರಿಸೆಟ್‌ಗಳದ್ದು, ಅಂದರೆ ಯಾರೋ ಮೊದಲೇ ಹೊಂದಿಸಿಟ್ಟ ಎಡಿಟಿಂಗ್ ಸೆಟ್ಟಿಂಗ್‌ಗಳದ್ದು. ದುಡ್ಡು ಕೊಟ್ಟು ತಗೊಂಡು, ಒಂದು ಕ್ಲಿಕ್ಕಿಗೆ ಇಡೀ ಮದುವೆಗೆ ಹಾಕುತ್ತಾರೆ. ಒಳಗೆ ಏನಾಗುತ್ತದೆ ಅಂತ ಯಾರೂ ನೋಡುವುದಿಲ್ಲ. ನಾವು ಎಡಿಟ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಬಣ್ಣ ತಿದ್ದಲು ಒಂದೊಂದು ಸ್ಲೈಡರ್ ಇರುತ್ತದೆ, ನಮ್ಮ ಚರ್ಮದ ಬಣ್ಣ ಬಹುಪಾಲು ಆರೆಂಜ್ ಸ್ಲೈಡರ್ ಕೆಳಗೆ ಬರುತ್ತದೆ. ಅರಿಶಿನ ಆರೆಂಜ್ ಮತ್ತು ಯೆಲ್ಲೋ ಎರಡರಲ್ಲೂ ಕೂತಿರುತ್ತದೆ. ಸಾಫ್ಟ್ ಪ್ರಿಸೆಟ್ ಸಾಮಾನ್ಯವಾಗಿ ಮಾಡುವುದು ಇಷ್ಟು: ಆರೆಂಜ್ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸುತ್ತದೆ, ಲೂಮಿನನ್ಸ್ (ಅದರ ಬೆಳಕು) ಏರಿಸುತ್ತದೆ, ಹಸಿರನ್ನು ಮಂಕು ಮಾಡುತ್ತದೆ. ಹುಲ್ಲುಹಾಸಿನ ಮದುವೆಗೆ ಸರಿ. ನಮ್ಮಲ್ಲಿ ಏನಾಗುತ್ತೆ? ಅರಿಶಿನ ಶಾಸ್ತ್ರದ ಫೋಟೋದಲ್ಲಿ ಹುಡುಗಿಯ ಕೆನ್ನೆ ಮೇಲಿನ ಅರಿಶಿನ ಕಡಲೆಹಿಟ್ಟು ಬಳಿದ ಹಾಗೆ ಕಾಣುತ್ತದೆ. ಚಪ್ಪರದ ಮಾವಿನ ತೋರಣ ಒಣಗಿ ವಾರ ಆದಂತಿರುತ್ತದೆ. ಹಸಿರು ಬಳೆ ಹಸಿರೇ ಅಲ್ಲ. ಯಾರೂ ಕೇಳದಿದ್ದರೂ ಎಲ್ಲರೂ ಒಂದು ಸುತ್ತು ಬೆಳ್ಳಗಾಗಿರುತ್ತಾರೆ.

ನಮ್ಮ ಮದುವೆ ಇರುವುದೇ ಗಾಢ ಬಣ್ಣದಲ್ಲಿ. ಅರಿಶಿನ, ಕುಂಕುಮ, ಬಾಳೆಕಂದು, ರೇಷ್ಮೆ. ಇಷ್ಟನ್ನೂ ತೆಳು ಮಾಡಿದ ಮೇಲೆ ಆಲ್ಬಮ್‌ನಲ್ಲಿ ಉಳಿಯೋದೇನು?

ನಾನು ಮಾಡುವುದು ಹೀಗೆ. ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ಫೈಲ್, ಇರಲೇಬೇಕು. ಜೆಪೆಗ್‌ನಲ್ಲಿ ಬೆಳ್ಳಗೆ ಸುಟ್ಟುಹೋದ ಪಂಚೆಯ ಮಡಿಕೆ ಮತ್ತೆ ಬರುವುದಿಲ್ಲ. ಮೊದಲು ವೈಟ್ ಬ್ಯಾಲೆನ್ಸ್ ಸರಿ ಮಾಡುತ್ತೇನೆ, ಬಿಳಿ ಬಿಳಿಯಾಗೇ ಕಾಣುವ ಹಾಗೆ. ಆಮೇಲೆ ಹೈಲೈಟ್ಸ್ (ತೀರಾ ಬೆಳಕಿನ ಭಾಗ) ಇಳಿಸಿ, ನೆರಳು ಸ್ವಲ್ಪ ತೆರೆದು, ಬೆಳಕು-ನೆರಳಿನ ಹದ ತಿದ್ದುವ ಕರ್ವ್‌ನಲ್ಲಿ ಕಪ್ಪನ್ನು ಒಂದು ಕೂದಲೆಳೆ ಎತ್ತುತ್ತೇನೆ, ಅಂದರೆ ಕಡುಕಪ್ಪನ್ನು ಸ್ವಲ್ಪ ತಿಳಿ ಮಾಡುತ್ತೇನೆ. ಮುಕ್ಕಾಲು ಪಾಲು ಮೃದುತನ ಇಲ್ಲೇ ಬಂದುಬಿಡುತ್ತದೆ. ಇನ್ನೂ ಮುಖ ಮುಟ್ಟಿಲ್ಲ, ಗಮನಿಸಿ.

ಮುಖಕ್ಕೆ ಲೈಟ್‌ರೂಮ್‌ನಲ್ಲಿ 2019ರಲ್ಲಿ ಬಂದ, ಚರ್ಮದ ಒರಟು-ನುಣುಪು ತಿದ್ದುವ ಟೆಕ್ಸ್ಚರ್ ಸ್ಲೈಡರ್ ಸಾಕು. ಮೈನಸ್ 10, ಹೆಚ್ಚೆಂದರೆ 15, ಅದೂ ಚರ್ಮದ ಮೇಲೆ ಮಾತ್ರ. ಕಣ್ಣು, ಹುಬ್ಬು, ಕೂದಲು, ಮೂಗುಬೊಟ್ಟಿಗೆ ತಾಗಬಾರದು. ಬೆವರಿನ ಹೊಳಪು ತಗ್ಗಿಸುತ್ತೇನೆ, ಪಾಪ, ಹೋಮದ ಮುಂದೆ ಕೂತವರು. ಮದುವೆ ದಿನವೇ ಎದ್ದ ಮೊಡವೆ ತೆಗೆಯುತ್ತೇನೆ. ಹುಟ್ಟಿನಿಂದ ಇರುವ ಮಚ್ಚೆ ಮುಟ್ಟುವುದಿಲ್ಲ.

2022ರಿಂದ ಲೈಟ್‌ರೂಮ್ ತಾನೇ ಜನರನ್ನು ಗುರುತಿಸಿ ಮುಖದ ಚರ್ಮ, ಮೈ ಚರ್ಮ, ತುಟಿ, ಕೂದಲು ಅಂತ ಬೇರೆ ಬೇರೆ ಮಾಸ್ಕ್ ಕೊಡುತ್ತದೆ, ಅಂದರೆ ಆ ಭಾಗವನ್ನು ಮಾತ್ರ ತಿದ್ದಬಹುದು. ಒಳ್ಳೆಯ ಅನುಕೂಲ. ಅವಸರದಲ್ಲಿರುವವರು ಮುಖಕ್ಕೆ ಮಾತ್ರ ಟಿಕ್ ಹಾಕಿ ಬೆಳಕು ಏರಿಸುತ್ತಾರೆ. ಮಾಂಗಲ್ಯಧಾರಣೆಯ ಕ್ಲೋಸಪ್ ತೆಗೆದು ನೋಡಿ. ಹುಡುಗಿಯ ಮುಖ ಗುಲಾಬಿ, ಕುತ್ತಿಗೆ ಕಂದು. ತಾಳಿ ಬೀಳುವ ಜಾಗದಲ್ಲೇ ಗೆರೆ ಎಳೆದಂತೆ ಎರಡು ಬಣ್ಣ. ಇನ್ನು ಆರತಿ ಎತ್ತುವ ಅಜ್ಜಿಗೂ ಎಲ್ಲ ಫೋಟೋಗಳಿಗೂ ಒಟ್ಟಿಗೆ ಹಾಕುವ ಅದೇ ಎಡಿಟ್ ಹಾಕಿದರೆ ಮುಖಕ್ಕೆ ಮೂವತ್ತು ವರ್ಷ, ತಟ್ಟೆ ಹಿಡಿದ ಕೈಗೆ ಎಂಬತ್ತು!

ಬೆಳ್ಳಗೆ ಮಾಡುವ ರೋಗ ಸಾಫ್ಟ್‌ವೇರ್‌ನಿಂದ ಶುರುವಾದದ್ದಲ್ಲ. ಕೊಡಾಕ್ ಕಂಪನಿ 1950ರ ದಶಕದಿಂದ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಶರ್ಲಿ ಕಾರ್ಡ್ ಅಂತ ಒಂದು ಫೋಟೋ ಕಳಿಸುತ್ತಿತ್ತು. ಅದರಲ್ಲಿ ಇರುತ್ತಿದ್ದುದು ಬಿಳಿ ಹೆಂಗಸು. ಆ ಚರ್ಮ ಸರಿಯಾಗಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ಕಂದು ಚರ್ಮದವರು ಹೇಗೆ ಬಂದರೂ ಸರಿ. ಅದನ್ನೆಲ್ಲ ದಾಟಿ, ಈಗ ನಮ್ಮ ಬಣ್ಣವನ್ನು ಇದ್ದ ಹಾಗೇ ಹಿಡಿಯುವ ಕ್ಯಾಮೆರಾ ಕೈಯಲ್ಲಿದೆ. ಈಗ ನಾವೇ ಕೂತು ಅದನ್ನು ಅಳಿಸುತ್ತಿದ್ದೇವೆ.

ಮೊನ್ನೆ ಫೋಟೋ ಆರಿಸಲು ಬಂದಿದ್ದ ಒಬ್ಬ ದೊಡ್ಡಮ್ಮ, "ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿಕೊಡಪ್ಪ" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಹುಡುಗಿ, "ಸುಮ್ನಿರಿ ದೊಡ್ಡಮ್ಮ, ಅವರು ನನ್ನನ್ನ ನೋಡೇ ತಾನೆ ಒಪ್ಪಿದ್ದು" ಅಂದಳು. ನನ್ನ ಕೆಲಸ ಅರ್ಧ ಕಡಿಮೆಯಾಯಿತು.

ಸ್ಟುಡಿಯೋದವರದ್ದೇ ಪೂರ್ತಿ ತಪ್ಪು ಅನ್ನುವುದಿಲ್ಲ. ಒಂದು ಮದುವೆಗೆ ಸಾವಿರಗಟ್ಟಲೆ ಫೋಟೋ, ಮುಂದಿನ ವಾರ ಇನ್ನೊಂದು ಮುಹೂರ್ತ, ಕೊಡುವ ದುಡ್ಡು ಮಾತ್ರ ಅಷ್ಟೇ. ಒಂದೊಂದಕ್ಕೂ ಮಾಸ್ಕ್ ಬಿಡಿಸಿ ಅಂದರೆ ಯಾರು ಕೂರುತ್ತಾರೆ? ಅದಕ್ಕೇ ಆಲ್ಬಮ್‌ಗೆ ಹೋಗುವ ಫೋಟೋಗಳಿಗಾದರೂ ಕೈಯಲ್ಲಿ ಕೆಲಸ ಮಾಡಿ ಅಂತ ಮೊದಲೇ ಮಾತಾಡಿಕೊಳ್ಳಿ.

ಸೀಸನ್‌ನಲ್ಲಿ ಮದುವೆ ಇಟ್ಟುಕೊಂಡಿರುವವರು ಇನ್ನೊಂದು ಮಾಡಿ. ಎಡಿಟ್ ಶುರುವಾಗುವಾಗಲೇ ಮೂರು ಸ್ಯಾಂಪಲ್ ಕೇಳಿ: ಅರಿಶಿನ ಶಾಸ್ತ್ರದ್ದು ಒಂದು, ಮುಹೂರ್ತದ ಸೀರೆ ಕಾಣುವಂಥದ್ದು ಒಂದು, ಅಜ್ಜಿ ತಾತ ಇರುವುದು ಒಂದು. ಮೊಬೈಲ್‌ನಲ್ಲಿ ನೋಡಿ ಓಕೆ ಅನ್ನಬೇಡಿ. ಫುಲ್ ಬ್ರೈಟ್‌ನೆಸ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಪ್ಪನ್ನು ಜಾಸ್ತಿ ಎತ್ತಿದ ಫೋಟೋ ಮ್ಯಾಟ್ ಪೇಪರಿನಲ್ಲಿ ಮಾಸಿದಂತೆ ಬರುತ್ತದೆ. ಒಂದು ಚಿಕ್ಕ ಪ್ರಿಂಟ್ ಹಾಕಿಸಿ, ಆ ದಿನ ಉಟ್ಟ ಸೀರೆ ಪಕ್ಕದಲ್ಲಿಟ್ಟು ನೋಡಿ. ಆಲ್ಬಮ್ ಲ್ಯಾಬ್‌ಗೆ ಹೋದ ಮೇಲೆ ಹೇಳಿದರೆ ಮತ್ತೆ ಪ್ರಿಂಟ್ ಹಾಕಿಸುವ ಖರ್ಚು ನಿಮ್ಮ ಮೇಲೇ ಬರುತ್ತದೆ.