ಮಗಳ ಹೃದಯದಲ್ಲಿ 3 ಮಿಲಿಮೀಟರ್

ಮಗಳಿಗೆ ಆರು ವಾರವಾಗಿದ್ದಾಗ ಲಸಿಕೆ ಹಾಕಿಸಲು ಹೋಗಿದ್ದೆವು. ಎದೆಗೆ ಸ್ಟೆತೊಸ್ಕೋಪ್ ಇಟ್ಟ ವೈದ್ಯರು ಅದನ್ನು ಬೇಗ ತೆಗೆಯಲಿಲ್ಲ. ಏನೋ ಇದೆ ಎಂದು ಆಗಲೇ ನನ್ನ ಎದೆ ಧಸಕ್ಕೆಂದಿತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ, ಸ್ನಾಯುವಿನ ಭಾಗದಲ್ಲಿ, 3 ಮಿಲಿಮೀಟರ್ ರಂಧ್ರ ಕಂಡಿತು. ಇಂಥ ರಂಧ್ರಕ್ಕೆ ವಿಎಸ್‌ಡಿ (ವೆಂಟ್ರಿಕ್ಯುಲರ್ ಸೆಪ್ಟಲ್ ಡಿಫೆಕ್ಟ್) ಎನ್ನುತ್ತಾರೆ ಎಂದರು.

ಮನೆಯಲ್ಲಿ ಎಲ್ಲರದೂ ಒಂದೇ ಮಾತು: ರಂಧ್ರ ಇದೆಯೆಂದ ಮೇಲೆ ಮುಚ್ಚಿಸಿಬಿಡಿ, ಕಾಯುವುದೇಕೆ? ನನಗೂ ಹಾಗೆಯೇ ಅನಿಸಿತ್ತು. ಹೃದಯದಲ್ಲಿ ಜೋರಾದ ಸದ್ದಿದೆ ಎಂದು ಬರೆದಿದ್ದ ಚೀಟಿಯನ್ನು ಓದಿ ಓದಿ ಅತ್ತಿದ್ದೇನೆ. ಆ ಸದ್ದಿನ ಅರ್ಥ ತಿಳಿದದ್ದು ಎಷ್ಟೋ ದಿನಗಳ ಮೇಲೆ. ನಲ್ಲಿಯ ಬಾಯಿಗೆ ಬೆರಳು ಒತ್ತಿದರೆ ನೀರು ಭುಸ್ಸೆಂದು ಚಿಮ್ಮುತ್ತದಲ್ಲ, ಹಾಗೆ ಕಿರಿದಾದ ಕಂಡಿಯಲ್ಲಿ ರಕ್ತ ರಭಸದಿಂದ ನುಗ್ಗಿದಾಗ ಸದ್ದು ಹೆಚ್ಚು. ರಂಧ್ರ ತೀರ ದೊಡ್ಡದಿದ್ದರೆ ಸದ್ದು ಅಡಗಿರುವುದೂ ಉಂಟು. ಇದನ್ನು ಮೊದಲ ದಿನವೇ ಯಾರಾದರೂ ಹೇಳಬಾರದಿತ್ತೇ!

ಸ್ನಾಯುಭಾಗದ ಇಂಥ ಸಣ್ಣ ರಂಧ್ರಗಳಲ್ಲಿ ಬಹುಪಾಲು ಮೊದಲ ಕೆಲವು ವರ್ಷಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಗಾಗಲಿ, ರಕ್ತನಾಳದ ಮೂಲಕ ಸಾಧನ ಕೂರಿಸುವುದಕ್ಕಾಗಲಿ ಅದರದೇ ಅಪಾಯವಿದೆ. ಹೃದಯದ ಬಡಿತವನ್ನು ನಡೆಸುವ ತಂತುಗಳು ಅದೇ ಗೋಡೆಯಲ್ಲಿ ಇಳಿಯುತ್ತವೆ. ಅವಕ್ಕೆ ಪೆಟ್ಟಾದರೆ ಪೇಸ್‌ಮೇಕರ್ ಬೇಕಾಗಬಹುದು. ನಮ್ಮ ಆತಂಕ ಕಳೆಯಲೆಂದು ಮಗುವನ್ನು ಆ ಮೇಜಿನ ಮೇಲೆ ಮಲಗಿಸುವ ಹಕ್ಕು ನಮಗಿಲ್ಲ. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗಲಿಲ್ಲ.

ಹಾಗೆಂದು ಕೈಕಟ್ಟಿ ಕೂರಲೂ ಇಲ್ಲ; ಹೃದಯ ದಣಿಯುತ್ತಿರುವ ಸುಳಿವೇನಾದರೂ ಇದೆಯೇ ಎಂದು ಗಮನಿಸುತ್ತಿದ್ದೆ. ಹಾಲು ಕುಡಿಯುವಾಗ ಹಣೆ ಬೆವರುತ್ತಿದೆಯೇ ಎಂದು ಬೆರಳಿನ ಹಿಂಬದಿ ತಾಗಿಸಿ ನೋಡುತ್ತಿದ್ದೆ. ನಿದ್ದೆಯಲ್ಲಿ ಉಸಿರು ಎಣಿಸುತ್ತಿದ್ದೆ, ತೂಕ ಬರೆದಿಡುತ್ತಿದ್ದೆ. ಹೃದಯದ ಎಡಭಾಗ ಹಿಗ್ಗತೊಡಗಿದರೆ ಅಥವಾ ರಂಧ್ರ ಮಹಾಪಧಮನಿಯ (ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ) ಕವಾಟದ ಅಡಿಯಲ್ಲಿದ್ದು ಕವಾಟ ಸೋರತೊಡಗಿದರೆ, ಅದು ಎಷ್ಟೇ ಸಣ್ಣದಿರಲಿ, ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ಎಷ್ಟು ದೊಡ್ಡದು ಎಂದಷ್ಟೇ ಕೇಳಿ ಎದ್ದು ಬರಬೇಡಿ. ಎಲ್ಲಿದೆ, ಹೃದಯ ಹಿಗ್ಗಿದೆಯೇ ಎಂದೂ ಕೇಳಿ.

ಈಗ ಅವಳಿಗೆ ನಾಲ್ಕು ವರ್ಷ. ರಂಧ್ರ 1 ಮಿಲಿಮೀಟರ್‌ಗೆ ಇಳಿದಿದೆ, ಪೂರ್ತಿ ಮುಚ್ಚಿಲ್ಲ. ಹಲ್ಲು ಹುಳುಕಾದರೆ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಆ ಕಂಡಿಯ ಬಳಿ ಸೋಂಕು ಹಿಡಿಸುವ ಸಣ್ಣ ಭಯ ಇದ್ದೇ ಇದೆ. ಅದಕ್ಕೇ ದಿನಕ್ಕೆ ಎರಡು ಸಲ, ಅವಳು ನಿದ್ದೆಗಣ್ಣಿನಲ್ಲಿ ತುಟಿ ಬಿಗಿದು ಹಟ ಮಾಡಿದರೂ, ಗಲ್ಲ ಹಿಡಿದು ಕೊನೆಯ ದವಡೆಹಲ್ಲಿನವರೆಗೂ ಉಜ್ಜುತ್ತೇನೆ. ಮುಂದಿನ ಎಕೋ ಇನ್ನೊಂದು ವರ್ಷಕ್ಕೆ.