ನೂಡಲ್ಸಿಗೆ ನಕ್ಷತ್ರ, ಅಪ್ಪೆಮಿಡಿಗೆ ಸೊನ್ನೆ

ತಿಂಡಿ ಪೊಟ್ಟಣದ ಎದುರಿಗೆ ಏನು ಅಚ್ಚು ಹಾಕಬೇಕು ಅನ್ನುವ ಪಂಚಾಯ್ತಿ ನಿಮಗೆ ಗೊತ್ತೇ ಇದೆ. 2022ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕರಡು ತಂದಿತು. ತಿಂಡಿ ಎಷ್ಟು ಒಳ್ಳೆಯದು ಅಂತ ಹೇಳಲು ಅರ್ಧದಿಂದ ಐದರವರೆಗೆ ನಕ್ಷತ್ರ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ಮುಗಿಸಿ ಅಂದಿತು. ಜುಲೈನಲ್ಲಿ ಇನ್ನೊಂದು ಮೂರು ತಿಂಗಳು ಕೊಟ್ಟಿತು. ಪಾಪ, ಇಂಥದಕ್ಕೆಲ್ಲ ಅವಸರ ಮಾಡಬಾರದು. ಚಿಲಿ ದೇಶದವರಿಗೆ ತಾಳ್ಮೆ ಇರಲಿಲ್ಲ, 2016ರಲ್ಲೇ ಸಕ್ಕರೆ, ಉಪ್ಪು ಜಾಸ್ತಿ ಇರುವ ಪೊಟ್ಟಣದ ಮೇಲೆ ಕಪ್ಪು ಮುದ್ರೆ ಒತ್ತಿಬಿಟ್ಟರು. ನಾವು ಸಂಸ್ಕಾರವಂತರು. ಯಾರ ಮುಖಕ್ಕೂ ಮಸಿ ಬಳಿಯುವುದಿಲ್ಲ.

ಕರಡಿನ ಲೆಕ್ಕ ಚೆನ್ನಾಗಿದೆ. ಸಕ್ಕರೆ, ಉಪ್ಪು, ಕೊಬ್ಬಿಗೆ ಅಂಕ ಕಡಿತ. ಸಿರಿಧಾನ್ಯ, ನಾರು, ಪ್ರೋಟೀನ್ ಇದ್ದರೆ ಕೃಪಾಂಕ. ಅಂದರೆ ನೂಡಲ್ಸಿಗೆ ಒಂದಿಷ್ಟು ರಾಗಿ ಹಿಟ್ಟು ಬೆರೆಸಿದ ಜಾಣನಿಗೆ ಪಾಸಾಗುವ ದಾರಿ ಇದೆ.

ಅದೇ ಲೆಕ್ಕವನ್ನು ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ಹಚ್ಚಿ ನೋಡಿ. ಮರ ಹತ್ತಿ, ಮಿಡಿ ನೆಲಕ್ಕೆ ಬೀಳದ ಹಾಗೆ ಇಳಿಸಬೇಕು. ತೊಟ್ಟು ಮುರಿಯಿತೋ, ಸೊನೆ ಸೋರಿ ಪರಿಮಳ ಹೋಯಿತು. ಉಪ್ಪಿನಲ್ಲಿ ಹಾಕಿ ಚಿರುಟುವವರೆಗೆ ಕಾಯಬೇಕು. ಆಮೇಲೆ ಸಾಸಿವೆ, ಮೆಣಸಿನ ಖಾರ. ಜೀರಿಗೆ ಮಿಡಿಯ ಭರಣಿ ಬಿಚ್ಚಿದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ತಮ್ಮ ಹೊಳೆದಂಡೆಯ ಮಿಡಿಯೇ ಮೇಲು ಅಂತ ಹೊಸನಗರದವರು ಅಂದುಬಿಟ್ಟರೆ ಸಾಗರದವರು ಊಟ ಬಿಟ್ಟು ಜಗಳಕ್ಕೆ ಬರುತ್ತಾರೆ. (ನಾನು ಯಾರ ಕಡೆ ಅಂತ ಹೇಳುವುದಿಲ್ಲ, ಎರಡೂ ಕಡೆ ನೆಂಟರಿದ್ದಾರೆ.) ಇಷ್ಟೆಲ್ಲ ಆಗಿ ಮಾರ್ಕು? ಉಪ್ಪು ವಿಪರೀತ. ಫೇಲು.

ನಕ್ಷತ್ರ ಎಣಿಸುವವರು ಕೆವಿನ್ ಹಾಲ್ ಮಾಡಿದ ಪ್ರಯೋಗ ಓದಿರಬಹುದು. ಆಗ ಅವರು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿದ್ದರು. 20 ಜನರಿಗೆ ಎರಡು ವಾರ ಕಾರ್ಖಾನೆ ಆಹಾರ, ಎರಡು ವಾರ ಮಾಮೂಲಿ ಅಡುಗೆ ಬಡಿಸಿದರು. ಬಡಿಸಿದ್ದರಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ನಾರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ಆಹಾರದ ಸರದಿಯಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಹೊಟ್ಟೆಗೆ ಹೋಯಿತು. 2019ರಲ್ಲೇ ಪ್ರಕಟವಾಗಿದೆ. ಸಕ್ಕರೆ, ಉಪ್ಪು ತೂಗಿ ನಕ್ಷತ್ರ ಕೊಟ್ಟರೆ ಇದು ಯಾವ ತಕ್ಕಡಿಗೂ ಸಿಗುವುದಿಲ್ಲ.

ಇನ್ನು ತೆರಿಗೆ. 2025ರ ಜನವರಿಯಲ್ಲಿ ಕೇಂದ್ರದ ಆರ್ಥಿಕ ಸಮೀಕ್ಷೆ, ಇಂಥ ಆಹಾರಕ್ಕೆ ಹೆಚ್ಚು ತೆರಿಗೆ ಹಾಕುವುದನ್ನು ಯೋಚಿಸಬಹುದು ಅಂದಿತು. ಯೋಚಿಸಿದರು. ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ನೂಡಲ್ಸು, ಚಾಕೊಲೇಟಿನ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿಯಿತು. ಕೋಲಾಕ್ಕೆ ಮಾತ್ರ 40, ಅದರ ಜಾತಕವೇ ಸರಿಯಿಲ್ಲ. ಐದು ರೂಪಾಯಿ ಪೊಟ್ಟಣವನ್ನು ನಾಲ್ಕೂವರೆಗೆ ಮಾರೋಣ ಅಂದರೆ ಚಿಲ್ಲರೆ ಎಲ್ಲಿದೆ? ಕಂಪನಿಗಳು ಬೆಲೆ ಅಲ್ಲೇ ಇಟ್ಟು ತೂಕ ಹೆಚ್ಚಿಸುತ್ತೇವೆ ಅಂದವು. ಮಕ್ಕಳಿಗೆ ಸರ್ಕಾರದ ಕಡೆಯಿಂದ ಇನ್ನೆರಡು ತುತ್ತು.

ತೀರ್ಥಹಳ್ಳಿಯ ಒಳಗೆ ಹೋಗಿ ನೋಡಿ. ಕೆಂಪು ಬಸ್ಸು ಬರದ ಊರಿಗೂ ಚಿಪ್ಸಿನ ವ್ಯಾನು ಬರುತ್ತದೆ. ಅಂಗಡಿ ಬಾಗಿಲಿಗೆ ಪೊಟ್ಟಣದ ಸರ ತೂಗುತ್ತದೆ. ಇತ್ತ ಶಿವಮೊಗ್ಗದ ಸಭಾಂಗಣಗಳಲ್ಲಿ ಭಾಷಣ. ಈಗಿನ ತಾಯಂದಿರು ಸೋಮಾರಿಗಳಂತೆ, ಹಿತ್ತಲಲ್ಲಿ ಕೆಸು ಇದ್ದರೂ ಪತ್ರೊಡೆ ಮಾಡುವುದಿಲ್ಲವಂತೆ. ಭಾಷಣ ಮುಗಿದ ಮೇಲೆ ಚಹಾ, ಕ್ರೀಮ್ ಬಿಸ್ಕತ್ತು.

ಸಾಕು ಮಾಡಿ ಸ್ವಾಮಿ. ಆ ತಾಯಿ ಬೆಳಗ್ಗೆ ಎದ್ದು ಅಡುಗೆ ಮುಗಿಸಿ ಯಾರದೋ ತೋಟದ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ವಾಪಸು ಬರುವಾಗ ಮಗು ಅಳುತ್ತಿರುತ್ತದೆ, ಕೈಯಲ್ಲಿ ಐದು ರೂಪಾಯಿ ಇರುತ್ತದೆ, ಎದುರಿಗೆ ಆ ಅಂಗಡಿ ಇರುತ್ತದೆ. ಇನ್ನೇನು ಮಾಡಬೇಕಿತ್ತು ಅವಳು? ಕೇಳುವುದಿದ್ದರೆ ವ್ಯಾನು ಕಳಿಸಿದವರನ್ನು ಕೇಳಿ, ತೆರಿಗೆ ಇಳಿಸಿದವರನ್ನು ಕೇಳಿ. ಅಷ್ಟು ಧೈರ್ಯ ಇಲ್ಲದಿದ್ದರೆ ಸುಮ್ನೆ ಬಿಸ್ಕತ್ತು ತಿಂದು ಮನೆಗೆ ಹೋಗಿ.