ಕೂಸು ಕಾಯುವವರ ಪಾಡು

ಮೊನ್ನೆ ಟಾಮ್ ಮತ್ತು ಜೆರ್ರಿಯನ್ನು ನೋಡುತ್ತ ಕುಳಿತಿದ್ದಾಗ ಮನೆಗೆ ಬಂದ ನೆಂಟರೊಬ್ಬರು, “ಈ ವಯಸ್ಸಿನಲ್ಲೂ ಬೆಕ್ಕು ಇಲಿ ಜಗಳವೇ?” ಎಂದು ನಕ್ಕರು. ಪರದೆಯ ಮೇಲೆ ಆಗ ಜಗಳವೇ ಇರಲಿಲ್ಲ. ಆ ಜೋಡಿಯ 1958ರ ಕಿರುಚಿತ್ರ ‘ಟಾಟ್ ವಾಚರ್ಸ್’ ಓಡುತ್ತಿತ್ತು. ಕೂಸು ಕಾಯಲೆಂದು ಬಂದ ಜೀನಿ ಎಂಬ ಹುಡುಗಿ ಫೋನಿಗೆ ಅಂಟಿಕೊಂಡಿದ್ದಳು, ಕೂಸು ಅಂಬೆಗಾಲಿಟ್ಟು ಹೊರಗೆ ಹೊರಟಿತ್ತು, ಹುಟ್ಟುವೈರಿಗಳಿಬ್ಬರೂ ಹಗೆ ಮರೆತು ಅದರ ಹಿಂದೆ ಓಡುತ್ತಿದ್ದರು. ಇದನ್ನೆಲ್ಲ ನೆಂಟರಿಗೆ ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ.

ನನ್ನ ತಕರಾರು ಪೊರಕೆಯೇಟಿನದು. ಕೂಸನ್ನು ಜೋಪಾನವಾಗಿ ತಂದು ಒಪ್ಪಿಸಿದ ಟಾಮ್‌ಗೆ, ಅದನ್ನು ಎತ್ತಿಕೊಂಡು ಹೋದವನೇ ಅವನೆಂದು ತಿಳಿದ ಜೀನಿ ಪೊರಕೆಯಿಂದ ಬಾರಿಸುತ್ತಾಳೆ. ಟಾಮ್ ಮಾತಾಡುವ ಬೆಕ್ಕಲ್ಲ. ಸಾಕ್ಷಿ ಹೇಳಬೇಕಾದ ಕೂಸಿಗೂ ಮಾತು ಬಾರದು.

ಮಾತು ಬಂದರೂ ಪ್ರಯೋಜನವಿಲ್ಲವೆಂಬುದು ನನಗೆ ಮದುವೆಯೊಂದರಲ್ಲಿ ತಿಳಿಯಿತು. “ಅಂಕಲ್, ಎರಡೇ ನಿಮಿಷ, ಫೋಟೋ ತೆಗೆಸಿಕೊಂಡು ಬರ್ತೀನಿ” ಎಂದು ಕೂಸನ್ನು ನನ್ನ ಮಡಿಲಿಗೆ ಇಳಿಸಿ ಹೋದ ತಾಯಿ, ವರನ ಕಡೆಯವರೊಂದಿಗೆ ಒಮ್ಮೆ, ವಧುವಿನ ಕಡೆಯವರೊಂದಿಗೆ ಒಮ್ಮೆ, ಛಾಯಾಗ್ರಾಹಕ ಕಣ್ಣು ಮುಚ್ಚಿದವರನ್ನು ಹುಡುಕಿದ ಮೇಲೆ ಮತ್ತೊಮ್ಮೆ ನಿಂತಳು. ಅಷ್ಟರಲ್ಲಿ ಕೂಸು ನನ್ನ ಕನ್ನಡಕವನ್ನು ಕಿತ್ತೆಸೆದು, ಊಟದ ಪಂಕ್ತಿಗೆ ನುಗ್ಗಿ, ಬಿಸಿ ಸಾರಿನ ಬಕೆಟ್ಟಿನತ್ತ ನಿರ್ಭಯವಾಗಿ ಸಾಗಿತ್ತು. ಪಂಚೆ ಎತ್ತಿ ಕಟ್ಟಿ, ಎಲೆಗಳನ್ನು ದಾಟಿ, ಬಕೆಟ್ಟಿಗೆ ಗೇಣು ದೂರದಲ್ಲಿ ಅದನ್ನು ಹಿಡಿದೆ. ಕೂಸು ಛತ್ರವೇ ನಡುಗುವಂತೆ ಕಿರುಚಿತು. ಓಡಿ ಬಂದ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾರ್ಯಾರ ಕೈಗೋ ಮಗು ಕೊಡಬೇಡ ಅಂತ ಬಡ್ಕೊಂಡೆ. ಚಿವುಟಿದ್ರೋ ಏನೋ!” ಎಂದರು. ಸಾರಿನ ವಿಷಯ ಹೇಳಿದೆ. ಪಂಕ್ತಿಯಲ್ಲಿ ಕುಳಿತಿದ್ದವರೊಬ್ಬರೂ ತಲೆಯಾಡಿಸಲಿಲ್ಲ. ಅವರಿಗೆ ಆ ಹೊತ್ತಿಗೆ ಒಬ್ಬಟ್ಟು ಬಂದಿತ್ತು.

ಏಟು ತಿಂದ ಟಾಮ್, ಮುಂದಿನ ಸಲ ಕೂಸು ಹೊರಟಾಗ ಸುಮ್ಮನಿರುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣವದು. ಕೂಸು ಕಟ್ಟಡದ ಉಕ್ಕಿನ ತೊಲೆಗಳ ಮೇಲೆ ವಿಹಾರ ಹೊರಟಾಗ ಅವನು ಮತ್ತೆ ಓಡುವುದನ್ನು ಕಂಡರೆ ಸಿಟ್ಟು ಬರುತ್ತದೆ.

ಈ ಕಾರ್ಟೂನುಗಳನ್ನು ತಯಾರಿಸುತ್ತಿದ್ದ ಅಮೆರಿಕದ ಎಂಜಿಎಂ ಸಂಸ್ಥೆ ತನ್ನ ಕಾರ್ಟೂನ್ ಸ್ಟುಡಿಯೋವನ್ನು 1957ರಲ್ಲೇ ಮುಚ್ಚಿತ್ತು. 1940ರಿಂದ ಟಾಮ್ ಮತ್ತು ಜೆರ್ರಿಯ ಸೃಷ್ಟಿಕರ್ತರಾದ ಹ್ಯಾನಾ ಮತ್ತು ಬಾರ್ಬೆರಾ ಅಲ್ಲಿ ಈ ಬೆಕ್ಕು ಇಲಿಗಾಗಿ ಮಾಡಿದ 114 ಕಿರುಚಿತ್ರಗಳಲ್ಲಿ ಬಿಡುಗಡೆಯಾದ ಕೊನೆಯದು ಇದೇ. ಏಳು ಆಸ್ಕರ್ ಗೆದ್ದ ಸರಣಿಯ ನಾಯಕರಿಗೆ ಸಿಕ್ಕ ಬೀಳ್ಕೊಡುಗೆ, ಮಕ್ಕಳ ಕಳ್ಳರೆಂಬ ಆರೋಪ ಮತ್ತು ಪೊಲೀಸ್ ಕಾರಿನ ಸೀಟು. ಕೂಸು ತಾನಾಗಿಯೇ ತಪ್ಪಿಸಿಕೊಂಡಿತೆಂಬ ಕಥೆಯನ್ನು ಪೊಲೀಸಪ್ಪ ನಂಬುವುದಿಲ್ಲ. ಅದು ಅವನ ಕಾರಿನ ಪಕ್ಕದಲ್ಲೇ ಅಂಬೆಗಾಲಿಟ್ಟು ಹೋದ ಮೇಲಷ್ಟೇ ಕಣ್ಣರಳಿಸುತ್ತಾನೆ. ಜೀನಿಗೆ ಆ ದಿನದ ಕೂಲಿ ಕೊಟ್ಟರೋ ಇಲ್ಲವೋ ಎಂಬ ಬಗ್ಗೆ ಚಿತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಕೊಟ್ಟೇ ಇರುತ್ತಾರೆ.